ಬೆನ್ನಿಗೆ ಅಂಟಿಸಿಕೊಂಡ ನಕ್ಷೆ

1945ರ ಆರಂಭ. ಫಿಲಿಪ್ಪೀನ್ಸ್‌ನ ಮನಿಲಾದಿಂದ ಉತ್ತರಕ್ಕೆ 27 ವರ್ಷದ ಹೆಣ್ಣುಮಗಳೊಬ್ಬರು ನಡೆದು ಹೊರಟಿದ್ದರು. ಮೈಮೇಲೆ ಹುಣ್ಣು. ಬಟ್ಟೆಯೊಳಗೆ, ಎರಡು ಭುಜಗಳ ನಡುವೆ, ಒಂದು ನಕ್ಷೆಯನ್ನು ಟೇಪ್ ಹಾಕಿ ಅಂಟಿಸಿಕೊಂಡಿದ್ದರು. ಜಪಾನಿ ಸೈನಿಕರು ನೆಲದಲ್ಲಿ ಎಲ್ಲೆಲ್ಲಿ ಮೈನ್ (ನೆಲಬಾಂಬ್) ಹೂತಿದ್ದಾರೆ ಅನ್ನೋದು ಅದರಲ್ಲಿತ್ತು. ದಾರಿಹೋಕರನ್ನು ನಿಲ್ಲಿಸಿ ತಡಕಿ ನೋಡುತ್ತಿದ್ದ ಕಾಲ ಅದು. ಆದರೆ ಇವರ ಹುಣ್ಣು ಕಣ್ಣಿಗೆ ಬಿದ್ದರೆ ಸಾಕು, ಸೈನಿಕರು ಹಿಂದೆ ಸರಿಯುತ್ತಿದ್ದರು. ಮುಟ್ಟಿ ನೋಡುವ ಮಾತೇ ಇಲ್ಲ.

ಇವರು ಹೊಸೆಫಿನಾ ಗೆರೆರೊ. ಹತ್ತಿರದವರಿಗೆ ಜೋಯಿ. ಇವರಿಗಿದ್ದದ್ದು ಕುಷ್ಠರೋಗ.

ಆ ಹೆದರಿಕೆ ಬರೀ ಸೈನಿಕರದಲ್ಲ. ಕುಷ್ಠ ಬರುವುದು ಬ್ಯಾಕ್ಟೀರಿಯಾದಿಂದ ಎಂದು ನಾರ್ವೆಯ ಹ್ಯಾನ್ಸನ್ 1873ರಲ್ಲೇ ಕಂಡುಹಿಡಿದಿದ್ದರು. ಶಾಪ, ಪಾಪ ಎಂಬ ಮಾತೆಲ್ಲ ಅಲ್ಲಿಗೆ ಮುಗಿಯಬೇಕಿತ್ತು, ಅಲ್ವಾ? ಆದದ್ದು ಬೇರೆ. ಅಂಟುರೋಗ ಅಂದಮೇಲೆ ರೋಗಿಯನ್ನೇ ದೂರ ಇಡಿ ಎಂದರು. 1897ರ ಬರ್ಲಿನ್ ಕುಷ್ಠರೋಗ ಸಮ್ಮೇಳನ ಇದನ್ನೇ ಶಿಫಾರಸು ಮಾಡಿತು. ನಿಜ ಹೇಳಬೇಕೆಂದರೆ ಈ ರೋಗ ಅಷ್ಟು ಸುಲಭವಾಗಿ ಅಂಟುವುದಿಲ್ಲ. ಬಹುಪಾಲು ಜನರ ಮೈಯಲ್ಲಿ ಅದನ್ನು ತಡೆಯುವ ಶಕ್ತಿ ಹುಟ್ಟಿನಿಂದಲೇ ಇರುತ್ತದೆ.

ಫಿಲಿಪ್ಪೀನ್ಸ್ ಆಗ ಅಮೆರಿಕದ ಕೈಯಲ್ಲಿತ್ತು. 1906ರ ಮೇ ತಿಂಗಳಲ್ಲಿ ಸೆಬುವಿನಿಂದ 370 ರೋಗಿಗಳನ್ನು ಹಡಗಿನಲ್ಲಿ ಕುಲಿಯನ್ ಎಂಬ ದ್ವೀಪಕ್ಕೆ ಸಾಗಿಸಿದರು. ಮರುವರ್ಷ ಕಾನೂನೇ ಬಂತು: ಕುಷ್ಠ ಇದೆ ಎಂದು ಗೊತ್ತಾದರೆ ಹಿಡಿದು ಒಯ್ಯಬಹುದು. ಕುಲಿಯನ್‌ಗೆ ಬೇರೆಯದೇ ನಾಣ್ಯ ಟಂಕಿಸಿದರು. ರೋಗಿಗಳು ಮುಟ್ಟಿದ ದುಡ್ಡು ಹೊರಗೆ ಹೋಗಬಾರದಂತೆ! ಅಲ್ಲಿ ಹುಟ್ಟಿದ ಕೂಸುಗಳನ್ನು ತಾಯಂದಿರಿಂದ ದೂರ ಮಾಡುತ್ತಿದ್ದರು. ಔಷಧಿ ಅಂದರೆ ಚಾಲ್‌ಮೂಗ್ರ ಜಾತಿಯ ಬೀಜದ ಎಣ್ಣೆ. ನಮ್ಮ ಪಶ್ಚಿಮ ಘಟ್ಟದ ಗರುಡಫಲ ಇದೇ ಕುಟುಂಬದ ಮರ. ಆ ಎಣ್ಣೆಯ ಇಂಜೆಕ್ಷನ್ ವಿಪರೀತ ನೋವು ಕೊಡುತ್ತಿತ್ತು, ಗುಣ ಮಾತ್ರ ಅಷ್ಟಕ್ಕಷ್ಟೇ.

ಇಂಥ ನಾಡಿನಲ್ಲಿ, 1941ರಲ್ಲಿ, ಜೋಯಿಗೆ ಕುಷ್ಠ ಇದೆ ಎಂದು ತಿಳಿಯಿತು. ಗಂಡ ಡಾಕ್ಟರ್. ಪುಟ್ಟ ಮಗಳಿದ್ದಳು. ಆ ಮಗುವನ್ನು ಬಿಟ್ಟು ಬೇರೆ ಇರಬೇಕಾಯಿತು. ಈ ಕಥೆಯಲ್ಲಿ ಯುದ್ಧಕ್ಕಿಂತ ಜಾಸ್ತಿ ನನ್ನ ಮನಸ್ಸಿಗೆ ನಾಟುವುದು ಈ ಭಾಗ. 1942ರ ಜನವರಿ 2ರಂದು ಜಪಾನಿ ಸೇನೆ ಮನಿಲಾ ಹೊಕ್ಕಿತು. ಔಷಧಿ ಸಿಗದಂತಾಯಿತು, ಕಾಯಿಲೆ ಉಲ್ಬಣಿಸಿತು.

ಮನೆಯೊಳಗೆ ಮುಖ ಮುಚ್ಚಿಕೊಂಡು ಕೂರಬಹುದಿತ್ತು. ಜೋಯಿ ಜಪಾನಿಗಳ ವಿರುದ್ಧ ಗುಟ್ಟಾಗಿ ಹೋರಾಡುತ್ತಿದ್ದ ಗೆರಿಲ್ಲಾಗಳ ಜೊತೆ ಸೇರಿದರು. ಬಂದರಿನ ಬಳಿ ಫಿರಂಗಿಗಳು ಎಲ್ಲಿವೆ ಎಂದು ನೋಡಿ ಗುರುತು ಹಾಕಿಕೊಟ್ಟರು. ಯುದ್ಧಕೈದಿಗಳಿಗೆ ಊಟ, ಸಂದೇಶ ಮುಟ್ಟಿಸಿದರು. ಕೊನೆಗೆ ಆ ನಕ್ಷೆ. ಅಮೆರಿಕ ಸೇನೆಯ 37ನೇ ಡಿವಿಷನ್ ಮನಿಲಾ ಕಡೆಗೆ ಬರುತ್ತಿತ್ತು. ಅದರ ದಾರಿಯಲ್ಲಿ ಹೊಸದಾಗಿ ಮೈನ್ ಹೂತಿದ್ದರು. ಮನಿಲಾದಿಂದ ಉತ್ತರಕ್ಕಿರುವ ಕಾಲುಂಪಿಟ್ ಊರಿನ ತನಕ ಹೆಚ್ಚುಕಮ್ಮಿ 50 ಕಿ.ಮೀ. ದೂರ. ಬಹುಪಾಲು ನಡೆದೇ ಹೋಗಿ ನಕ್ಷೆ ಮುಟ್ಟಿಸಿದರು. ಆಮೇಲೆ ಸುಮ್ನೆ ಕೂರಲಿಲ್ಲ. ವಾಪಸ್ ಮನಿಲಾಕ್ಕೇ ಬಂದು, ಊರಿಗೆ ಊರೇ ಉರಿಯುತ್ತಿದ್ದಾಗ ಗಾಯಾಳುಗಳ ಆರೈಕೆ ಮಾಡಿದರು. ಒಂದು ತಿಂಗಳ ಆ ಕದನದಲ್ಲಿ ಸುಮಾರು 1 ಲಕ್ಷ ನಾಗರಿಕರು ಸತ್ತರು.

ಯುದ್ಧ ಮುಗಿಯಿತು. ಜೋಯಿ ಹೋದದ್ದು ಮನೆಗಲ್ಲ, ಟಾಲಾ ಎಂಬಲ್ಲಿದ್ದ ಕುಷ್ಠರೋಗಿಗಳ ವಸತಿಗೆ. ಸರಿಯಾದ ಊಟವಿಲ್ಲ, ಔಷಧಿಯಿಲ್ಲ, ಎಲ್ಲೆಲ್ಲೂ ಕೊಳಕು. ಅವರೇ ನಿಂತು ಗುಡಿಸಿ ತೊಳೆದರು, ರೋಗಿಗಳನ್ನು ನೋಡಿಕೊಂಡರು, ಅಲ್ಲಿನ ಸ್ಥಿತಿಯನ್ನು ಪತ್ರಗಳಲ್ಲಿ ಬರೆದರು. ಪತ್ರಿಕೆಗಳು ಅದನ್ನು ಎತ್ತಿಕೊಂಡ ಮೇಲೆ ಸರ್ಕಾರ ಟಾಲಾ ಕಡೆ ಕಣ್ಣು ಹಾಯಿಸಿತು.

ಆ ಹೊತ್ತಿಗೆ ಅಮೆರಿಕದ ಲೂಸಿಯಾನಾದ ಕಾರ್ವಿಲ್ ಆಸ್ಪತ್ರೆಯಲ್ಲಿ ಪ್ರೋಮಿನ್ ಎಂಬ ಔಷಧಿ ನಿಜಕ್ಕೂ ಕೆಲಸ ಮಾಡುತ್ತಿತ್ತು. 1941ರಿಂದ ಅದರ ಪ್ರಯೋಗ ನಡೆದಿತ್ತು. ಆದರೆ ಕುಷ್ಠ ಇರುವ ವಿದೇಶಿಯರನ್ನು ಒಳಗೆ ಬಿಡಲು ಅಮೆರಿಕದ ಕಾನೂನು ಒಪ್ಪುತ್ತಿರಲಿಲ್ಲ. 1948ರಲ್ಲಿ ಅಟಾರ್ನಿ ಜನರಲ್ ಟಾಮ್ ಕ್ಲಾರ್ಕ್ ವಿಶೇಷ ಅನುಮತಿ ಕೊಟ್ಟರು. ಅದೇ ವರ್ಷ ಜೋಯಿಗೆ ಅಮೆರಿಕದ 'ಮೆಡಲ್ ಆಫ್ ಫ್ರೀಡಮ್' ಪದಕ ಕೂಡ ಸಿಕ್ಕಿತು.

ಕಾರ್ವಿಲ್‌ನ ರೋಗಿಗಳಿಗೆ 1946ರ ತನಕ ವೋಟು ಹಾಕುವ ಹಕ್ಕೂ ಇರಲಿಲ್ಲ. ಮನೆಯವರ ಮಾನ ಹೋಗಬಾರದೆಂದು ಎಷ್ಟೋ ಜನ ಬಾಗಿಲಲ್ಲೇ ಹೆಸರು ಬದಲಿಸಿಕೊಂಡು ಒಳಗೆ ಬರುತ್ತಿದ್ದರು. ಜೋಯಿ ಅಲ್ಲಿ 9 ವರ್ಷ ಕಳೆದರು. 1957ರಲ್ಲಿ ಗುಣವಾಗಿ ಹೊರಬಂದಾಗ ಗಡೀಪಾರಿನ ಭಯ ಕಾದಿತ್ತು. ಪೌರತ್ವ ಸಿಕ್ಕಿದ್ದು 1967ರಲ್ಲಿ.

ಫಿಲಿಪ್ಪೀನ್ಸ್ ಕಡ್ಡಾಯ ಪ್ರತ್ಯೇಕತೆಯ ಕಾನೂನನ್ನು 1964ರಲ್ಲಿ ಸಡಿಲಿಸಿತು. ಕುಷ್ಠವನ್ನು ಪೂರ್ತಿ ಗುಣಪಡಿಸುವ ಬಹು-ಔಷಧ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ್ದು 1981ರಲ್ಲಿ.

ಜೋಯಿ ಆಗ ವಾಷಿಂಗ್ಟನ್‌ನಲ್ಲಿ ಜೋಯಿ ಲೋಮ್ಯಾಕ್ಸ್ ಎಂಬ ಹೆಸರಿನಲ್ಲಿದ್ದರು. ಕೆನಡಿ ಸೆಂಟರ್ ರಂಗಮಂದಿರದಲ್ಲಿ ಬಂದವರಿಗೆ ಸೀಟು ತೋರಿಸುತ್ತಿದ್ದರು. ನಕ್ಷೆಯ ವಿಷಯವಾಗಲಿ ಕಾರ್ವಿಲ್ ವಿಷಯವಾಗಲಿ ಅಲ್ಲಿನ ಗೆಳೆಯರಿಗೆ ಗೊತ್ತಿರಲಿಲ್ಲ. 1996ರಲ್ಲಿ ತೀರಿಕೊಂಡರು.