ಪದ ಪರಿಚಯ: ನ್ಯೂರೋಫೀಡ್‌ಬ್ಯಾಕ್

ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆದು, ಆಗಿಂದಾಗಲೇ ಆ ವ್ಯಕ್ತಿಗೇ ತೋರಿಸಿ, ಅವನ್ನು ಹತೋಟಿಗೆ ತರುವ ಅಭ್ಯಾಸ ಮಾಡಿಸುವುದೇ ನ್ಯೂರೋಫೀಡ್‌ಬ್ಯಾಕ್. ಎಡಿಎಚ್‌ಡಿ ಇರುವ, ಅಂದರೆ ಗಮನ ನಿಲ್ಲದ, ಕೂತಲ್ಲಿ ಕೂರದ ಮಕ್ಕಳ ಪಾಲಕರ ಕಿವಿಗೆ ಈ ಹೆಸರು ಒಂದಿಲ್ಲೊಂದು ದಿನ ಬಿದ್ದೇ ಬೀಳುತ್ತದೆ.

ಮಗುವಿನ ನೆತ್ತಿಗೆ ಜೆಲ್ ಹಚ್ಚಿ ಸೆನ್ಸರ್ ಅಂಟಿಸುತ್ತಾರೆ. ಮಿದುಳಿನ ಅಲೆಗಳನ್ನು ದಾಖಲಿಸುವ ಇಇಜಿ ಪರೀಕ್ಷೆ ಇದೆಯಲ್ಲ, ಇದೂ ಅದೇ. ತಲೆಗೆ ಕರೆಂಟ್ ಕೊಡುತ್ತಾರೇನೋ ಅಂತ ಹೆದರಬೇಕಿಲ್ಲ, ಅಲ್ಲಿರುವುದನ್ನು ಓದುತ್ತಾರೆ ಅಷ್ಟೆ. ಸೆಕೆಂಡಿಗೆ 4ರಿಂದ 8 ಸಲ ಏರಿಳಿಯುವ ನಿಧಾನದ ಅಲೆ ಥೀಟಾ. ಸುಮಾರು 13ಕ್ಕಿಂತ ಜಾಸ್ತಿ ಇದ್ದರೆ ಬೀಟಾ. ಥೀಟಾ ಇಳಿದು ಬೀಟಾ ಏರಿದರೆ ಪರದೆಯ ಮೇಲಿನ ಕಾರು ಓಡುತ್ತದೆ, ಇಲ್ಲದಿದ್ದರೆ ನಿಲ್ಲುತ್ತದೆ. ಹೇಗೆ ಓಡಿಸಿದೆ ಅಂತ ಕೇಳಿದರೆ ಮಗುವಿಗೆ ಹೇಳಲು ಬರುವುದಿಲ್ಲ. ಸೈಕಲ್ ಬ್ಯಾಲೆನ್ಸ್ ಬಂದಂತೆ ಅದೂ ಬರುತ್ತದೆ ಎಂಬುದು ಇದರ ಹಿಂದಿನ ನಂಬಿಕೆ. 30-40 ಸೆಷನ್ ಬೇಕಾಗುತ್ತದೆ. 1960ರ ದಶಕದಲ್ಲಿ ಅಮೆರಿಕದ ಸಂಶೋಧಕ ಬ್ಯಾರಿ ಸ್ಟರ್ಮನ್ ಇಂಥದ್ದನ್ನು ಮೊದಲು ಕಲಿಸಿದ್ದು ಬೆಕ್ಕುಗಳಿಗೆ!

ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡು ನೋಡುವ ವರ್ಚುವಲ್ ರಿಯಾಲಿಟಿ ಸೇರಿದರೆ ಪರದೆಯ ಬದಲು ಇಡೀ ತರಗತಿಯೇ ಕಣ್ಣ ಮುಂದೆ ಬರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ರಿಜ್ಜೊ ಅವರ ತಂಡ ಕಟ್ಟಿದ ಇಂಥ ತರಗತಿಯಲ್ಲಿ ಮಗು ಬೋರ್ಡಿನ ಅಕ್ಷರ ನೋಡಿ ಬಟನ್ ಒತ್ತಬೇಕು. ನಡುವೆ ಕಾಗದದ ವಿಮಾನ ಹಾರುತ್ತದೆ, ಕಿಟಕಿಯಾಚೆ ಗಾಡಿ ಹೋಗುತ್ತದೆ. ಹುಬ್ಬಳ್ಳಿಯ ಶಾಲೆಯಾದರೆ ಚಿಗರಿ ಬಸ್ಸು ಹಾಕಬೇಕಾದೀತು. ಮಗು ಎಷ್ಟು ಸಲ ತಲೆ ತಿರುಗಿಸಿತು ಎಂಬುದನ್ನೂ ಹೆಡ್‌ಸೆಟ್ ಲೆಕ್ಕ ಇಡುತ್ತದೆ. ನನಗನ್ನಿಸುವಂತೆ, ಚಿಕಿತ್ಸೆಗಿಂತ ಗಮನ ಅಳೆಯುವುದಕ್ಕೆ ಇದು ಹೆಚ್ಚು ಒದಗುತ್ತದೆ.

ಸರಿ, ಗುಣ ಆಗುತ್ತದಾ? 2021ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ 7ರಿಂದ 10 ವರ್ಷದ 142 ಮಕ್ಕಳಿದ್ದರು. ಕೆಲವರಿಗೆ ನಿಜವಾದ ತರಬೇತಿ. ಉಳಿದವರ ಆಟ ನಡೆದದ್ದು ಮೊದಲೇ ದಾಖಲಿಸಿಟ್ಟ ಅಲೆಗಳ ಮೇಲೆ. ಯಾರಿಗೆ ಯಾವುದು ಅಂತ ಪಾಲಕರಿಗೂ ಗೊತ್ತಿರಲಿಲ್ಲ. ಕೊನೆಗೆ ಎರಡೂ ಗುಂಪಿನ ಮಕ್ಕಳು ಚೆನ್ನಾಗಿಯೇ ಸುಧಾರಿಸಿದರು, ಹೆಚ್ಚುಕಡಿಮೆ ಒಂದೇ ಅಳತೆಗೆ! ದಿನಚರಿ, ದೊಡ್ಡವರ ಅಕ್ಕರೆ, ಗುಣವಾಗುತ್ತದೆಂಬ ನಿರೀಕ್ಷೆ ಇವೂ ಕೆಲಸ ಮಾಡಿರಬೇಕು, ಅಲ್ವಾ? ಹಾಗಾಗಿ ‘ನಮ್ಮ ಮಗನಿಗೆ ಫರಕ್ ಬಿತ್ತು’ ಎಂದು ಯಾರಾದರೂ ಹೇಳಿದರೆ ಅದು ಸುಳ್ಳಲ್ಲ, ಆದರೆ ಅದು ಅಲೆಗಳಿಂದಲೇ ಆಯಿತು ಎನ್ನಲಾಗದು.

ಪ್ಯಾಕೇಜಿಗೆ ದುಡ್ಡು ಕಟ್ಟುವ ಮೊದಲು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಂಥ ಕಡೆ ಮಗುವನ್ನು ತೋರಿಸಿ, ಇದು ಎಡಿಎಚ್‌ಡಿ ಹೌದೋ ಅಲ್ಲವೋ ತಿಳಿದುಕೊಳ್ಳಿ. ಮಾತ್ರೆ ನಡೆಯುತ್ತಿದ್ದರೆ, ಸೆಷನ್ ಶುರುವಾಯಿತೆಂದು ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.