ತಾಮ್ರ ಸೋತಲ್ಲಿ ಸೀಸ ಗೆದ್ದದ್ದು ಹೇಗೆ?

ಬೆಳ್ಳಿ, ತಾಮ್ರ, ಚಿನ್ನ. ವಿದ್ಯುತ್ ಸಾಗಿಸುವುದರಲ್ಲಿ ಲೋಹಗಳ ಪೈಕಿ ಮೊದಲ ಮೂರು ಸ್ಥಾನ ಇವುಗಳದ್ದೇ. ಆದರೆ ಈ ಮೂರರಲ್ಲಿ ಒಂದೂ ಅತಿವಾಹಕವಲ್ಲ, ಎಂದರೆ ವಿದ್ಯುತ್ ಹರಿವಿಗೆ ಎದುರಾಗುವ ತಡೆ (ರೋಧ) ಚೂರೂ ಇಲ್ಲದ ಸ್ಥಿತಿಗೆ ಬರುವುದಿಲ್ಲ. ಚಳಿಯ ಕೊನೆಯ ಮಿತಿಯಾದ ಪರಮ ಶೂನ್ಯದ ಹೊಸ್ತಿಲ ತನಕ ತಣಿಸಿದರೂ ತಾಮ್ರದ ತಂತಿಯಲ್ಲಿ ಒಂದಿಷ್ಟು ರೋಧ ಉಳಿದೇ ಉಳಿಯುತ್ತದೆ. ಅತ್ತ ಸೀಸ, ತವರ, ಪಾದರಸಗಳನ್ನು ನೋಡಿ. ತಂತಿ ಎಳೆಯಲು ಯಾರೂ ಆರಿಸದ ಈ ಲೋಹಗಳು ಸಾಕಷ್ಟು ತಣಿದೊಡನೆ ರೋಧವನ್ನು ಪೂರ್ತಿ ಕಳಚಿಟ್ಟುಬಿಡುತ್ತವೆ. ಕೋಣೆಯ ಉಷ್ಣತೆಯಲ್ಲಿ ಪಾದರಸದ ರೋಧ ತಾಮ್ರದ್ದಕ್ಕಿಂತ ಐವತ್ತು ಪಟ್ಟಿಗೂ ಹೆಚ್ಚು. ಹೀಗಿರುವಾಗ ಅತಿವಾಹಕವೆಂದರೆ 'ತುಂಬಾ ಒಳ್ಳೆಯ ವಾಹಕ' ಎಂದು ಬರೆಯುವವರನ್ನು ಕಂಡರೆ ನನಗೆ ತಾಳ್ಮೆ ತಪ್ಪುತ್ತದೆ.

ರೋಧದ ಬಗ್ಗೆಯೂ ನಮ್ಮ ತಲೆಯಲ್ಲಿ ಕೂತಿರುವ ಚಿತ್ರ ಸರಿಯಿಲ್ಲ. ಇಲೆಕ್ಟ್ರಾನು ಸಾಲಾಗಿ ನಿಂತ ಪರಮಾಣುಗಳಿಗೆ ಢಿಕ್ಕಿ ಹೊಡೆಯುತ್ತಾ ಏದುಸಿರು ಬಿಡುತ್ತಾ ಸಾಗುವುದಿಲ್ಲ. ಅದು ಅಲೆಯೂ ಹೌದು. ಪರಮಾಣುಗಳು ಸಮ ಅಂತರದಲ್ಲಿ ಅಲುಗಾಡದೆ ನಿಂತಿದ್ದರೆ ಆ ಅಲೆ ಅಡೆತಡೆಯಿಲ್ಲದೆ ದಾಟಿಹೋಗುತ್ತದೆ ಎಂದು ಭೌತವಿಜ್ಞಾನಿ ಫೀಲಿಕ್ಸ್ ಬ್ಲಾಕ್ 1928ರಲ್ಲಿ ಲೆಕ್ಕ ಹಾಕಿ ತೋರಿಸಿದರು. ರೋಧ ಹುಟ್ಟುವುದು ಕ್ರಮ ಕೆಟ್ಟಲ್ಲಿ. ಶಾಖದಿಂದ ಪರಮಾಣುಗಳು ಕಂಪಿಸಿದರೆ ಹುಟ್ಟುತ್ತದೆ, ನಡುವೆ ಅನ್ಯ ಪರಮಾಣು ಸೇರಿಕೊಂಡರೂ ಹುಟ್ಟುತ್ತದೆ. ತಣಿಸಿದರೆ ಕಂಪನ ಅಡಗೀತು, ಕಲಬೆರಕೆ ಎಲ್ಲಿ ಹೋದೀತು? ತಾಮ್ರದಲ್ಲಿ ಕೊನೆಗೆ ಉಳಿಯುವ ರೋಧ ಅದರದ್ದು.

ನೆದರ್ಲೆಂಡ್ಸಿನ ಲೈಡನ್ನಿನಲ್ಲಿದ್ದ ಭೌತವಿಜ್ಞಾನಿ ಹೈಕೆ ಕಾಮರ್ಲಿಂಗ್ ಓನ್ನೆಸ್ ಬೆನ್ನುಹತ್ತಿದ್ದೂ ಈ ಉಳಿಕೆಯನ್ನೇ. ಲೋಹವನ್ನು ತಣಿಸುತ್ತಾ ಹೋದರೆ ಇಲೆಕ್ಟ್ರಾನುಗಳೇ ಹೆಪ್ಪುಗಟ್ಟಿ ರೋಧ ಮಿತಿಮೀರಿ ಏರೀತು ಎಂದು ಲಾರ್ಡ್ ಕೆಲ್ವಿನ್ ಊಹಿಸಿದ್ದ ಕಾಲ ಅದು. ಓನ್ನೆಸ್ 1908ರ ಜುಲೈ 10ರಂದು ಹೀಲಿಯಂ ಅನಿಲವನ್ನು ಮೊದಲ ಬಾರಿಗೆ ದ್ರವವಾಗಿಸಿದ್ದರು. ಅಷ್ಟು ತಣ್ಣನೆಯ ದ್ರವ ಆಗ ಜಗತ್ತಿನ ಬೇರಾವ ಪ್ರಯೋಗಾಲಯದಲ್ಲೂ ಇರಲಿಲ್ಲ. ಪ್ಲಾಟಿನಂ, ಚಿನ್ನಗಳಲ್ಲಿ ರೋಧ ಒಂದು ಮಟ್ಟಕ್ಕೆ ಇಳಿದು ನಿಂತುಬಿಟ್ಟಿತು. ಮತ್ತೆ ಮತ್ತೆ ಬಟ್ಟಿ ಇಳಿಸಿ ಶುದ್ಧ ಮಾಡಬಹುದು ಎಂಬ ಕಾರಣಕ್ಕೆ ಅವರು ಪಾದರಸಕ್ಕೆ ಕೈಹಾಕಿದರು. 1911ರ ಏಪ್ರಿಲ್ 8ರಂದು ಅಳತೆಗೆ ಕೂತವರು ಅವರ ಸಹಾಯಕ ಖಿಲೆಸ್ ಹೋಲ್ಸ್ಟ್. ಆ ದಿನದ ಟಿಪ್ಪಣಿ ಪುಸ್ತಕದಲ್ಲಿ 'ಪಾದರಸ ಬಹುತೇಕ ಸೊನ್ನೆ' ಎಂದಿದೆ. ಕಾವಲಿಗಿದ್ದ ಹುಡುಗ ತೂಕಡಿಸಿದ್ದರಿಂದ ಈ ಶೋಧ ಆಯಿತೆಂಬ ರಸವತ್ತಾದ ಕಥೆಯೊಂದು ಓಡಾಡುತ್ತದೆ; ಟಿಪ್ಪಣಿ ಪುಸ್ತಕದಲ್ಲಿ ಅದಕ್ಕೆ ಆಧಾರವಿಲ್ಲ. ಶೋಧವನ್ನು ಸಾರಿದ ಲೇಖನಕ್ಕೆ ಓನ್ನೆಸ್ ಒಬ್ಬರೇ ಲೇಖಕರು. ಹೋಲ್ಸ್ಟ್‌ಗೆ ಇನ್ನಷ್ಟು ಸಲ್ಲಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ತಮಾಷೆಯೆಂದರೆ, ಇಷ್ಟು ಕಷ್ಟಪಟ್ಟು ಶುದ್ಧ ಮಾಡಬೇಕಾಗಿಯೇ ಇರಲಿಲ್ಲ. ಕಲಬೆರಕೆಯ ಪಾದರಸದಲ್ಲೂ ರೋಧ ಹಾಗೆಯೇ ಮಾಯವಾಗುತ್ತದೆ. ಅಂದರೆ ಅದು ಮೆಲ್ಲಗೆ ಸವೆದು ಸೊನ್ನೆ ತಲುಪಿದ್ದಲ್ಲ. 4.2 ಕೆಲ್ವಿನ್‌ನಲ್ಲಿ, ಎಂದರೆ ಸುಮಾರು ಮೈನಸ್ 269 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಲೋಹದ ಸ್ಥಿತಿಯೇ ಬೇರೆಯಾಯಿತು.

ಪಾದರಸ ಎಂದೊಡನೆ ವಾಟ್ಸಾಪಿನಲ್ಲಿ ಪುರಾತನ ವಿಮಾನ ಹಾರಿ ಬರುತ್ತದೆ: ಸುಳಿಯಾಗಿ ತಿರುಗುವ ಪಾದರಸ, ಅದರಿಂದ ಅತಿವಾಹಕತೆ, ಅದರಿಂದ ಹಾರಾಟ. ಪಾದರಸ ಅತಿವಾಹಕವಾಗುವ ಚಳಿಯಲ್ಲಿ ತಿರುಗಲು ದ್ರವವಾಗಿಯೇ ಇರುವುದಿಲ್ಲ, ಸ್ವಾಮಿ. ಮೈನಸ್ 39 ಡಿಗ್ರಿಗೇ ಅದು ಗಟ್ಟಿಯಾಗಿರುತ್ತದೆ. ಆ ವಿಮಾನಗಳ ವರ್ಣನೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಲೆಕ್ಕ ಹಾಕಿ ನೋಡಿ, ಅವು ಹಾರಲಾರವು ಎಂದು 1974ರಲ್ಲೇ ಬರೆದರು.

ಓನ್ನೆಸ್ ಕಂಡದ್ದಕ್ಕೆ ಕಾರಣ ತಿಳಿಯಲು 46 ವರ್ಷ ಹಿಡಿಯಿತು. ಬ್ಲಾಕ್, ಫೈನ್‌ಮನ್ ಅಂಥವರೇ ಪ್ರಯತ್ನಿಸಿ ಕೈಚೆಲ್ಲಿದರು. 1957ರಲ್ಲಿ ಅಮೆರಿಕದ ಭೌತವಿಜ್ಞಾನಿಗಳಾದ ಬಾರ್ಡೀನ್, ಕೂಪರ್, ಶ್ರೀಫರ್ ಕೊಟ್ಟ ಉತ್ತರ ನನ್ನ ಮಟ್ಟಿಗೆ ಭೌತವಿಜ್ಞಾನದ ಅತ್ಯಂತ ಚೆಂದದ ತಿರುವುಗಳಲ್ಲೊಂದು. ರೋಧಕ್ಕೆ ಕಾರಣವಾಗುವ ಪರಮಾಣುಗಳ ಅದೇ ಅಲುಗಾಟ ರೋಧವನ್ನು ಕೊಲ್ಲುವುದೂ ಹೌದು.

ನಾಟಿಗೆ ಹದ ಮಾಡಿದ ಕೆಸರುಗದ್ದೆಯನ್ನು ನೆನೆದುಕೊಳ್ಳಿ. ನಡೆಯುವುದು ಕಷ್ಟ, ಹೆಜ್ಜೆ ಹೂತುಹೋಗುತ್ತದೆ. ಕಾಲೆತ್ತಿಕೊಂಡು ಮುಂದೆ ಹೋದ ಮೇಲೂ ಗುಳಿ ಕೂಡಲೇ ಮುಚ್ಚುವುದಿಲ್ಲ, ಹಿಂದಿನಿಂದ ಬಂದವನ ಕಾಲು ತಾನಾಗಿ ಅದರೊಳಗೆ ಜಾರುತ್ತದೆ. ಋಣ ವಿದ್ಯುದಂಶದ ಇಲೆಕ್ಟ್ರಾನು ಹಾದುಹೋದಾಗ ಸುತ್ತಲಿನ ಧನ ಅಯಾನುಗಳು (ಇಲೆಕ್ಟ್ರಾನು ಬಿಟ್ಟುಕೊಟ್ಟ ಪರಮಾಣುಗಳು) ಅದರತ್ತ ಚೂರು ವಾಲುತ್ತವೆ. ಅಯಾನು ಭಾರ, ಅದರ ನಡೆ ನಿಧಾನ. ಅದು ಮರಳಿ ನೆಟ್ಟಗಾಗುವಷ್ಟರಲ್ಲಿ ಇಲೆಕ್ಟ್ರಾನು ಬಲು ದೂರ ಹೋಗಿರುತ್ತದೆ. ಹಿಂದೆ ಉಳಿದ ಧನ ಅಂಶದ ಆ ಗುಳಿ ಇನ್ನೊಂದು ಇಲೆಕ್ಟ್ರಾನನ್ನು ಸೆಳೆಯುತ್ತದೆ. ಪರಸ್ಪರ ವಿಕರ್ಷಿಸಬೇಕಾದ ಎರಡು ಇಲೆಕ್ಟ್ರಾನುಗಳು ಹೀಗೆ ದೂರದಿಂದಲೇ ಜೋಡಿಯಾಗುತ್ತವೆ. ತಾಮ್ರವಾದರೋ ಸಗಣಿ ಸಾರಿಸಿದ ಗಟ್ಟಿ ಅಂಗಳ: ಓಡಾಡಲು ಸಲೀಸು, ಹೆಜ್ಜೆಗುಳಿ ಮಾತ್ರ ಮೂಡುವುದಿಲ್ಲ. ಗುಳಿ ಮೂಡದಿದ್ದರೆ ಜೋಡಿಯೂ ಇಲ್ಲ.

ಇದು ಬರೀ ಕಲ್ಪನೆಯಲ್ಲ ಎಂಬುದಕ್ಕೆ ಸುಳಿವು 1950ರಲ್ಲೇ ಸಿಕ್ಕಿತ್ತು. ಅಮೆರಿಕದ ಎರಡು ತಂಡಗಳು ಪಾದರಸದ ಬೇರೆ ಬೇರೆ ಐಸೋಟೋಪುಗಳನ್ನು, ಎಂದರೆ ತೂಕ ಮಾತ್ರ ಬೇರೆಯಾದ ಪಾದರಸದ ಪರಮಾಣುಗಳನ್ನು, ಪರೀಕ್ಷಿಸಿದಾಗ, ಪರಮಾಣು ಭಾರವಾದಷ್ಟೂ ಅತಿವಾಹಕವಾಗುವ ಉಷ್ಣತೆ ಕೆಳಗಿಳಿಯುವುದು ಕಂಡುಬಂತು. ಇಲೆಕ್ಟ್ರಾನುಗಳದ್ದಷ್ಟೇ ಕೈವಾಡವಾಗಿದ್ದರೆ ಪರಮಾಣುವಿನ ತೂಕಕ್ಕೆ ಇಲ್ಲೇನು ಕೆಲಸ?

ಜೋಡಿಯಾದ ಮಾತ್ರಕ್ಕೆ ರೋಧ ಹೋಗಬೇಕೇಕೆ? ಜೋಡಿಗಳೆಲ್ಲ ಬಿಡಿಬಿಡಿಯಾಗಿ ಇರುವುದಿಲ್ಲ, ಒಂದೇ ಮಹಾ ಅಲೆಯಾಗಿ ಬೆಸೆದುಕೊಳ್ಳುತ್ತವೆ. ಒಂದು ಇಲೆಕ್ಟ್ರಾನನ್ನು ತಡೆಯಬೇಕೆಂದರೆ ಜೋಡಿ ಒಡೆಯಬೇಕು, ಅದಕ್ಕೆ ಇಂತಿಷ್ಟು ಎಂಬ ಕನಿಷ್ಠ ಶಕ್ತಿ ಬೇಕು. ಆ ಚಳಿಯಲ್ಲಿ ಕಂಪನಗಳ ಬಳಿ ಅಷ್ಟು ಬಂಡವಾಳವಿರುವುದಿಲ್ಲ. ಹಾಗಾಗಿ ಸುರುಳಿಯಲ್ಲಿ ಒಮ್ಮೆ ಹರಿಯಬಿಟ್ಟ ವಿದ್ಯುತ್ತು ಬ್ಯಾಟರಿ ಕಳಚಿದರೂ ಸುತ್ತುತ್ತಲೇ ಇರುತ್ತದೆ. ಆಸ್ಪತ್ರೆಗಳ ಬಹುಪಾಲು ಎಂಆರ್‌ಐ ಯಂತ್ರಗಳಲ್ಲಿ ನಯೋಬಿಯಂ-ಟೈಟೇನಿಯಂ ಸುರುಳಿ ದ್ರವ ಹೀಲಿಯಂನಲ್ಲಿ ಮುಳುಗಿ ಮಾಡುತ್ತಿರುವುದು ಇದನ್ನೇ. ಕರೆಂಟು ಹೋದರೂ ಆ ಕಾಂತ ಆರುವುದಿಲ್ಲ. ಸ್ಕ್ಯಾನ್ ಮುಗಿಯಿತೆಂದು ಕಬ್ಬಿಣದ ಸಿಲಿಂಡರನ್ನು ಒಳಗೆ ತಳ್ಳಿಕೊಂಡು ಹೋಗಬಾರದು.

1986ರಲ್ಲಿ ಬೆಡ್ನಾರ್ಜ್ ಮತ್ತು ಮ್ಯುಲ್ಲರ್ ಎಂಬ ಭೌತವಿಜ್ಞಾನಿಗಳು ಪಿಂಗಾಣಿಯಂಥ ತಾಮ್ರದ ಆಕ್ಸೈಡಿನಲ್ಲಿ ಅತಿವಾಹಕತೆ ಕಂಡರು. ಮರುವರ್ಷವೇ ಇಟ್ರಿಯಂ ಬೆರೆತ ಆಕ್ಸೈಡೊಂದು 93 ಕೆಲ್ವಿನ್ ಮುಟ್ಟಿತು, ಅಂದರೆ ಅಗ್ಗದ ದ್ರವ ನೈಟ್ರೋಜನ್ನೇ ಸಾಕಾಯಿತು. ಬೆಂಗಳೂರಿನಲ್ಲಿ ಸಿ.ಎನ್.ಆರ್. ರಾವ್ ಅವರ ತಂಡವೂ ಆ ಓಟದಲ್ಲಿತ್ತು. ಈ ಆಕ್ಸೈಡುಗಳಲ್ಲಿ ಜೋಡಿ ಕಟ್ಟಿಸುವುದು ಹೆಜ್ಜೆಗುಳಿಯಲ್ಲ ಎಂಬುದೇ ಬಹುತೇಕರ ಅಭಿಪ್ರಾಯ. ಮತ್ತೇನೆಂಬ ಜಗಳ ಮುಗಿದಿಲ್ಲ.

ಈ ಗೊಂದಲವೇ ಭರ್ಜರಿ ಘೋಷಣೆಗಳಿಗೆ ಜಾಗ ಕೊಡುತ್ತದೆ. 2023ರ ಜುಲೈನಲ್ಲಿ ಕೊರಿಯಾದ ತಂಡವೊಂದು ಎಲ್‌ಕೆ-99 ಎಂಬ ಪುಡಿ ಕೋಣೆಯ ಉಷ್ಣತೆಯಲ್ಲೇ ಅತಿವಾಹಕವೆಂದಿತು. ಕಾಂತದ ಮೇಲೆ ಅರೆಬರೆ ಎದ್ದು ನಿಂತ ಚೂರಿನ ವಿಡಿಯೋ ಊರೆಲ್ಲ ಸುತ್ತಿತು. ನಿಜವಾದ ಅತಿವಾಹಕ ಕಾಂತಕ್ಷೇತ್ರವನ್ನು ಒಳಗಿನಿಂದ ಹೊರದೂಡುತ್ತದೆ. ಇದು 1933ರಿಂದ ಗೊತ್ತಿರುವ ಪರೀಕ್ಷೆ. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ ತಯಾರಿಸಿದ ಮಾದರಿ ಅದರಲ್ಲಿ ಪಾಸಾಗಲಿಲ್ಲ. ಕೊರಿಯಾದವರು ತೋರಿಸಿದಂತೆ ರೋಧ ದಿಢೀರನೆ ಇಳಿದದ್ದಕ್ಕೆ ಕಾರಣ ಆ ಪುಡಿಯಲ್ಲಿ ಬೆರೆತಿದ್ದ ತಾಮ್ರದ ಸಲ್ಫೈಡ್; ಸುಮಾರು 104 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಹರಳಿನ ರಚನೆ ಬದಲಾಗುತ್ತದೆ. ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು ಸಲ್ಫೈಡ್ ಸೋಂಕದ ಶುದ್ಧ ಹರಳು ಬೆಳೆಸಿದರು. ನೇರಳೆ ಬಣ್ಣದ ಆ ಪಾರದರ್ಶಕ ಹರಳು ಅತಿವಾಹಕವಾಗುವುದಿರಲಿ, ವಾಹಕವೂ ಆಗಿರಲಿಲ್ಲ.