ಗೇಮ್ ಬಾಯ್ ಸ್ಪರ್ಧೆ: ಎಮ್ಯುಲೇಟರ್‌ನಲ್ಲಿ ಆಡಿ ನೋಡಿದರೆ ಸಾಲದೇ?

ಪ್ರಶ್ನೆ: ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನಾವು ಕೆಲವರು ಸೇರಿ, 1989ರ ಹಳೆಯ ಗೇಮ್ ಬಾಯ್‌ಗೆ (ನಿಂಟೆಂಡೊದ, ಕೈಯಲ್ಲಿ ಹಿಡಿದು ಆಡುವ ಯಂತ್ರ) ಗೇಮ್ ಬರೆಯುವ ಸ್ಪರ್ಧೆ ನಡೆಸಬೇಕೆಂದಿದ್ದೇವೆ. ಕೈಯಲ್ಲಿರುವುದು ಒಂದೇ ಯಂತ್ರ, ಒಂದು ಫ್ಲಾಶ್ ಕಾರ್ಟ್ (ನಮ್ಮದೇ ಗೇಮ್ ಫೈಲ್ ತುಂಬಿ ಯಂತ್ರಕ್ಕೆ ಹಾಕುವ ಕಾರ್ಟ್ರಿಜ್). ಬಂದ ಗೇಮ್‌ಗಳನ್ನು ಎಮ್ಯುಲೇಟರ್‌ನಲ್ಲೇ (ಯಂತ್ರವನ್ನು ಕಂಪ್ಯೂಟರ್‌ನಲ್ಲಿ ಅನುಕರಿಸುವ ತಂತ್ರಾಂಶ) ಆಡಿ ಅಂಕ ಕೊಡಬಹುದೇ?

ಉತ್ತರ: ಅಂಕ ಕೊಡಲು ಎಮ್ಯುಲೇಟರ್ ಸಾಕು. ಗೇಮ್ ಸ್ಪರ್ಧೆಗೆ ಅರ್ಹವೇ ಎಂದು ತೀರ್ಮಾನಿಸಲು ಮಾತ್ರ ಅಸಲಿ ಯಂತ್ರವೇ ಆಗಬೇಕು. ಈ ಎರಡನ್ನೂ ಬೇರೆ ಮಾಡಿಕೊಳ್ಳಿ. 12 ಗೇಮ್ ಬಂದು, ಮೂವರು ತೀರ್ಪುಗಾರರು ತಲಾ 20 ನಿಮಿಷ ಆಡಿದರೆ ಒಂದು ಯಂತ್ರಕ್ಕೆ 12 ಗಂಟೆ ಹಿಡಿಯುತ್ತದೆ. ಗೇಮಿಗೆ 5 ನಿಮಿಷದಂತೆ ಅರ್ಹತೆ ಮಾತ್ರ ನೋಡಿದರೆ ಒಂದೇ ಗಂಟೆ. ಆಮೇಲೆ ತೀರ್ಪುಗಾರರು ಸೇಮ್‌ಬಾಯ್‌ನಂಥ ನಿಖರ ಎಮ್ಯುಲೇಟರ್‌ನಲ್ಲಿ ತಮ್ಮ ತಮ್ಮ ಲ್ಯಾಪ್‌ಟಾಪ್‌ನಲ್ಲೇ ಆಡಲಿ.

ಆ 5 ನಿಮಿಷವನ್ನು ಮಾತ್ರ ಬಿಡಲೇಬೇಡಿ. ಎಮ್ಯುಲೇಟರ್‌ನಲ್ಲಿ ಚೆನ್ನಾಗಿ ಓಡಿದ ಗೇಮ್ ಯಂತ್ರದಲ್ಲಿ ಕೆಟ್ಟು ನಿಲ್ಲುವುದು ತೀರಾ ಸಾಮಾನ್ಯ. ಹೆಚ್ಚಾಗಿ ಕಾಡುವುದು ರ‍್ಯಾಮ್. ಆನ್ ಮಾಡಿದಾಗ ಆ 8 ಕೆಬಿ ಮೆಮೊರಿಯಲ್ಲಿ ಏನು ಬೇಕಾದರೂ ಇರಬಹುದು, ಫ್ಲಾಶ್ ಕಾರ್ಟ್‌ನ ಮೆನು ಬಿಟ್ಟುಹೋದ ಕಸವೂ ಸೇರಿ. ಎಮ್ಯುಲೇಟರ್ ಸೊನ್ನೆ ತುಂಬಿಕೊಟ್ಟರೆ, ವೇರಿಯಬಲ್‌ಗೆ ಮೊದಲ ಬೆಲೆ ಕೊಡದ ತಪ್ಪು ಗೊತ್ತೇ ಆಗುವುದಿಲ್ಲ. ಎರಡನೆಯದು ವಿಡಿಯೊ ಮೆಮೊರಿ. ಪರದೆಯ 144 ಸಾಲು ಬರೆಯಲು ಯಂತ್ರ ಪ್ರತಿ ಸಾಲಿನ ಚುಕ್ಕೆ ಎಳೆಯುತ್ತಿರುವಾಗ ಅಲ್ಲಿಗೆ ಏನು ಕಳಿಸಿದರೂ ಸ್ವೀಕರಿಸುವುದಿಲ್ಲ. ನೆಮ್ಮದಿಯಿಂದ ಬರೆಯಲು ಸಿಗುವುದು ಆ 144 ಸಾಲು ಮುಗಿದ ಮೇಲೆ ಬರುವ 10 ಸಾಲಿನಷ್ಟು ಬಿಡುವು, ಸುಮಾರು 1.1 ಮಿಲಿಸೆಕೆಂಡ್. ಹಳೆಯ ಎಮ್ಯುಲೇಟರ್‌ಗಳು ಯಾವಾಗ ಬರೆದರೂ ಒಪ್ಪಿಕೊಳ್ಳುತ್ತವೆ. ಯಂತ್ರದಲ್ಲಿ ಚಿತ್ರ ಚೂರುಚೂರಾಗಿ ಕಾಣುತ್ತದೆ. ಈ ಬಿಡುವಿನ ಹೊರಗೆ ಪರದೆಯನ್ನು ಆಫ್ ಮಾಡುವ ಕೋಡ್ ಇನ್ನೂ ಕೆಟ್ಟದ್ದು, ಎಲ್‌ಸಿಡಿಗೇ ಹಾನಿಯಾಗುವ ಭಯವಿದೆ. ಆದ್ದರಿಂದ ಮೊದಲು ಎಮ್ಯುಲಿಶಿಯಸ್ ಎಂಬ ಎಮ್ಯುಲೇಟರ್‌ನ ಡೀಬಗರ್‌ನಲ್ಲಿ (ಕೋಡಿನ ತಪ್ಪು ಹುಡುಕುವ ಸಾಧನ) ಎಚ್ಚರಿಕೆಗಳನ್ನೆಲ್ಲ ಆನ್ ಮಾಡಿ ಓಡಿಸಿ, ನಂತರ ಯಂತ್ರಕ್ಕೆ ಹಾಕಿ.

ಹೆಡರ್ (ಗೇಮ್ ಫೈಲಿನ ಆರಂಭದ ಬಳಿ ಅದರ ವಿವರ ಇರುವ ಭಾಗ) ಬೇರೆಯಾಗಿ ನೋಡಬೇಕು. ಅದರ ಲೋಗೋ (ನಿಂಟೆಂಡೊ ಚಿಹ್ನೆ) ಅಥವಾ ಚೆಕ್‌ಸಮ್ (ವಿವರ ಸರಿಯಿದೆಯೇ ಎಂದು ತಾಳೆ ನೋಡುವ ಸಂಖ್ಯೆ) ತಪ್ಪಿದ್ದರೆ ಯಂತ್ರ ಲೋಗೋ ಪರದೆ ದಾಟುವುದಿಲ್ಲ. ಕೆಲವು ಫ್ಲಾಶ್ ಕಾರ್ಟ್‌ಗಳು ಮೆನುವಿನಿಂದ ನೇರ ಗೇಮಿಗೆ ಹಾರುವುದರಿಂದ ಈ ತಪ್ಪು ಅಲ್ಲೂ ಮುಚ್ಚಿಹೋಗುತ್ತದೆ. ಆರ್‌ಜಿಬಿಡಿಎಸ್ (ಗೇಮ್ ಬಾಯ್‌ಗೆ ಕೋಡ್ ಬರೆಯುವ ಸಾಧನಗಳ ಗುಂಪು) ಜೊತೆ ಬರುವ ಆರ್‌ಜಿಬಿಫಿಕ್ಸ್‌ಗೆ ಫೈಲಿನ ನಕಲು ಕೊಟ್ಟು, ಲೋಗೋ, ಚೆಕ್‌ಸಮ್ ಎರಡನ್ನು ಮಾತ್ರ ಸರಿಪಡಿಸಲು ಹೇಳಿ. ಫೈಲ್ ಬದಲಾಯಿತೆಂದರೆ ಮೂಲದಲ್ಲಿ ತಪ್ಪಿತ್ತು.

ಗಾತ್ರದ ಮಿತಿ 32 ಕೆಬಿ ಇಡುವ ಆಸೆ ಎಲ್ಲರಿಗೂ ಬರುತ್ತದೆ. ಬ್ಯಾಂಕ್ ಬದಲಿಸುವ ಚಿಪ್ (ದೊಡ್ಡ ಗೇಮನ್ನು ತುಂಡುತುಂಡಾಗಿ ಯಂತ್ರದ ಮುಂದಿಡುವ, ಕಾರ್ಟ್ರಿಜ್‌ನೊಳಗಿನ ಚಿಪ್) ಇಲ್ಲದೆ ಓಡುವ ಗಾತ್ರ ಅದು, ಕಲಿಯುವವರಿಗೆ ಒಳ್ಳೆಯ ಕಟ್ಟುಪಾಡು. ಆದರೆ ಜಿಬಿ ಸ್ಟುಡಿಯೊ (ಕೋಡ್ ಬರೆಯದೆ ಗೇಮ್ ಮಾಡುವ ತಂತ್ರಾಂಶ) ಬಳಸುವವರು ಅಲ್ಲೇ ಹೊರಗುಳಿಯುತ್ತಾರೆ. ಅದು ಕೊಡುವ ಗೇಮ್‌ಗೆ ಆ ಚಿಪ್ ಇದ್ದೇ ತೀರಬೇಕು. ಕೋಡ್ ಬರೆಯದ, ಚಿತ್ರ ಮತ್ತು ಕಥೆಯಲ್ಲಿ ಕೈ ಪಳಗಿದ ಹುಡುಗ ಹುಡುಗಿಯರನ್ನು ಕಳೆದುಕೊಳ್ಳುವುದು ನಿಜವಾದ ನಷ್ಟ. ಎರಡು ವಿಭಾಗ ಮಾಡಿ: ಅಸೆಂಬ್ಲಿ ಅಥವಾ ಜಿಬಿಡಿಕೆಯಲ್ಲಿ (ಗೇಮ್ ಬಾಯ್‌ಗೆ ಸಿ ಭಾಷೆಯಲ್ಲಿ ಬರೆಯುವ ಸಾಧನ) ಸಿ ಬರೆಯುವವರಿಗೆ 32 ಕೆಬಿ, ಉಳಿದವರಿಗೆ ಮುಕ್ತ.

ಕನ್ನಡದಲ್ಲಿ ಮಾತು ಬರೆದ ಗೇಮಿಗೆ ಬೇರೆ ಬಹುಮಾನ ಇಡಿ, ಇದು ನಮ್ಮ ಒತ್ತಾಯ. ಕಷ್ಟ ಏನೆಂದು ಮೊದಲೇ ತಿಳಿಸಿ. ಪರದೆ 160×144 ಚುಕ್ಕೆ, ಚಿತ್ರ ಕಟ್ಟುವ ಟೈಲ್ ಎಂಬ ತುಂಡು 8×8. ಒತ್ತು, ದೀರ್ಘ ಸೇರಿದ ಅಕ್ಷರ ಅಷ್ಟರಲ್ಲಿ ಓದಲು ಬಾರದು, 16×16 ಬೇಕು. ಅಂದರೆ ಸಾಲಿಗೆ 10 ಅಕ್ಷರ, 40 ಟೈಲ್, 640 ಬೈಟ್. ಪ್ರತಿ ಸಾಲನ್ನೂ ಚಿತ್ರವಾಗಿ ಇಟ್ಟರೆ 50 ಸಾಲಿಗೆ 32,000 ಬೈಟ್ ಮುಗಿದು, 32 ಕೆಬಿ ವಿಭಾಗದಲ್ಲಿ ಗೇಮಿಗೆ ಜಾಗವೇ ಉಳಿಯದು. ಗೇಮಿನಲ್ಲಿ ಬರುವ ಅಕ್ಷರಗಳನ್ನಷ್ಟೇ ಆರಿಸಿ, ಒಂದೊಂದನ್ನು ಒಮ್ಮೆ ಮಾತ್ರ ಬರೆದು, ಮತ್ತೆ ಮತ್ತೆ ಬಳಸುವುದು ದಾರಿ.

ಅವಧಿ 6 ವಾರ ಸಾಕು, ವಿಟಿಯು ಪರೀಕ್ಷೆಗೆ ಡಿಕ್ಕಿ ಹೊಡೆಯದಂತೆ ಮುಗಿಸಿ. ನಾಲ್ಕನೇ ವಾರದ ಕೊನೆಗೆ ಒಂದು ದಿನ ಯಂತ್ರವನ್ನು ಎಲ್ಲರಿಗೂ ಬಿಟ್ಟುಕೊಡಿ. ಅರ್ಧಂಬರ್ಧ ಗೇಮ್ ತಂದವರೂ ಓಡಿಸಿ ನೋಡಲಿ. ಚಿತ್ರದುರ್ಗ, ಹರಿಹರದಿಂದ ಬರಲಾಗದವರ ಫೈಲ್ ನೀವೇ ಓಡಿಸಿ, ಪರದೆಯ ವಿಡಿಯೊ ಕಳಿಸಿ. ಅರ್ಹತೆಯ ದಿನ ಆಗಬಹುದಾದ ಜಗಳ ಅರ್ಧಕ್ಕರ್ಧ ಇಲ್ಲೇ ತೀರುತ್ತದೆ.

ಯಂತ್ರಕ್ಕೆ ಹಿಂಬೆಳಕಿಲ್ಲ, ಕಿಟಕಿಯ ಪಕ್ಕದ ಮೇಜೇ ಒಳ್ಳೆಯದು. 4 ಎಎ ಸೆಲ್ ಹೊಸದಿರಲಿ. ಫ್ಲಾಶ್ ಕಾರ್ಟ್ ಹೆಚ್ಚು ಕರೆಂಟ್ ಎಳೆಯುವುದರಿಂದ ಸೋತ ಸೆಲ್‌ನಲ್ಲಿ ಗೇಮ್ ನಡುವೆ ರೀಸೆಟ್ ಆಗುತ್ತದೆ, ತಪ್ಪು ಗೇಮಿನದೆಂದು ಕಾಣುತ್ತದೆ. ಯಾವುದೇ ಗೇಮನ್ನು ಅನರ್ಹ ಎನ್ನುವ ಮೊದಲು ಸೆಲ್ ಬದಲಿಸಿ ಇನ್ನೊಮ್ಮೆ ಓಡಿಸಿ.